ಸಂಜೆ ತುಂಬಿ ನಸುಕಿಗೆ ಬರಿದಾಗುವ ಕಚೇರಿ: ಎಷ್ಟು ಸೀಟು, ಯಾರಿಗೆ ಎಲ್ಲಿ ಜಾಗ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಗ್ರಾಹಕ ಸೇವೆಯ ಕಂಪನಿ. ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ 12,000 ಚದರಡಿ ಕಾರ್ಪೆಟ್ ಏರಿಯಾ ಬಾಡಿಗೆಗೆ ಹಿಡಿದಿದ್ದೇವೆ. ಒಟ್ಟು 240 ಮಂದಿ. ಭಾರತದ ಗ್ರಾಹಕರಿಗಾಗಿ 70 ಮಂದಿ ಬೆಳಿಗ್ಗೆ 7ರಿಂದ 4, ವಾರದ ಏಳೂ ದಿನ. ಬ್ರಿಟನ್ನಿಗೆ 70 ಮಂದಿ ಮಧ್ಯಾಹ್ನ 1ರಿಂದ ರಾತ್ರಿ 10. ಅಮೆರಿಕದ ಪೂರ್ವ ಕರಾವಳಿಗೆ 80 ಮಂದಿ ಸಂಜೆ 6.30ರಿಂದ ನಸುಕಿನ 3.30. ಸಿಸ್ಟಮ್‌ಗಳ ಮೇಲೆ ನಿಗಾ ಇಡಲು 20 ಮಂದಿ ರಾತ್ರಿ 10ರಿಂದ ಬೆಳಿಗ್ಗೆ 7, ಇವರೂ ಏಳೂ ದಿನ. ಅರ್ಧದಷ್ಟು ಮಹಿಳೆಯರು. ಇಬ್ಬರು ವೀಲ್‌ಚೇರ್ ಬಳಸುತ್ತಾರೆ, ಒಬ್ಬರಿಗೆ ದೃಷ್ಟಿಯಿಲ್ಲ, ಒಬ್ಬರಿಗೆ ಕಿವಿ ಕೇಳಿಸದು. ಇಂಟೀರಿಯರ್ ಗುತ್ತಿಗೆದಾರರು 240 ಸೀಟು ಹಾಕೋಣ ಎನ್ನುತ್ತಾರೆ, ನಮ್ಮ ಹಣಕಾಸು ವಿಭಾಗದವರು 100 ಸಾಕು ಎನ್ನುತ್ತಾರೆ. ಯಾವುದು ಸರಿ? ರಾತ್ರಿ ಪಾಳಿಯವರಿಗೆ ಬೇರೆ ಏನೇನು ಬೇಕು?

ಉತ್ತರ: ಎರಡೂ ಸರಿಯಲ್ಲ. ಗುತ್ತಿಗೆದಾರರು ಹಾಜರಿ ಪುಸ್ತಕದಲ್ಲಿರುವ ಹೆಸರುಗಳನ್ನು ಎಣಿಸಿದ್ದಾರೆ, ಹಣಕಾಸಿನವರು ಅತಿ ದೊಡ್ಡ ಪಾಳಿಯನ್ನು ನೋಡಿ ಅದರ ಮೇಲೆ ಇಪ್ಪತ್ತು ಸೇರಿಸಿದ್ದಾರೆ. ನಿಮ್ಮಂಥ ಕಚೇರಿಯಲ್ಲಿ ಎಣಿಸಬೇಕಾದದ್ದು ಗಂಟೆಗಂಟೆಗೆ ಒಳಗಿರುವ ತಲೆಗಳನ್ನು. ಸೀಟು ಮಾತ್ರವಲ್ಲ, ಗಾಳಿ, ಬೆಳಕು, ಶೌಚಾಲಯ, ಬೆಂಕಿಯಿಂದ ಪಾರಾಗುವ ದಾರಿ ಎಲ್ಲವೂ ಆ ಪಟ್ಟಿಯಿಂದಲೇ ಹುಟ್ಟಬೇಕು.

ಲೆಕ್ಕ ಹೀಗೆ. ಏಳೂ ದಿನ ನಡೆಯುವ ಪಾಳಿಯಲ್ಲಿ ಒಬ್ಬೊಬ್ಬರಿಗೆ ವಾರಕ್ಕೆ ಎರಡು ದಿನ ಬಿಡುವು. ಹಾಗಾಗಿ 70 ಜನರಲ್ಲಿ ಒಂದು ದಿನಕ್ಕೆ ಸಿಗುವವರು ಏಳರಲ್ಲಿ ಐದು ಪಾಲು, ಅಂದರೆ 50. ರಜೆ, ಕಾಯಿಲೆಗೆ ನೂರಕ್ಕೆ ಹತ್ತು ಕಳೆದರೆ 45. ನಿಗಾ ತಂಡದ 20ರಲ್ಲಿ ಇದೇ ಲೆಕ್ಕಕ್ಕೆ 13. ಬ್ರಿಟನ್, ಅಮೆರಿಕ ತಂಡಗಳಿಗೆ ಶನಿವಾರ, ಭಾನುವಾರ ಒಟ್ಟಿಗೇ ರಜೆಯಿದ್ದರೆ ವಾರದ ದಿನಗಳಲ್ಲಿ ಎಲ್ಲರೂ ಬರುತ್ತಾರೆ. ನೂರಕ್ಕೆ ಹತ್ತು ಕಳೆದರೆ 63 ಮತ್ತು 72. ಈಗ ಗಡಿಯಾರದ ಜೊತೆ ನಡೆಯೋಣ. ಬೆಳಿಗ್ಗೆ 7ರಿಂದ 1ರವರೆಗೆ ಒಳಗೆ 45 ಮಂದಿ. 1ರಿಂದ 4ರವರೆಗೆ 108. 4ರಿಂದ 6.30ರವರೆಗೆ 63. ಸಂಜೆ 6.30ರಿಂದ ರಾತ್ರಿ 10ರವರೆಗೆ 135. ರಾತ್ರಿ 10ರಿಂದ 3.30ರವರೆಗೆ 85. ಆಮೇಲೆ ಬೆಳಗಿನ 7ರವರೆಗೆ ಬರೀ 13.

ಅತಿ ಹೆಚ್ಚು 135. ಕೆಟ್ಟ ಯಂತ್ರ, ತರಬೇತಿ, ಹೆಚ್ಚು ಜನ ಬಂದುಬಿಡುವ ದಿನಗಳಿಗಾಗಿ 10 ಸೇರಿಸಿ: 145 ಸೀಟು. ಒಂದಕ್ಕೆ 60 ಚದರಡಿಯಂತೆ 8,700 ಚದರಡಿ ಹೋಗಿ ಉಳಿದ 3,300 ಚದರಡಿ ಉಳಿದೆಲ್ಲಕ್ಕೂ ಸಿಗುತ್ತದೆ. 240 ಸೀಟು ತುರುಕಿದ್ದರೆ ವಿಶ್ರಾಂತಿ ಕೋಣೆ, ಲಾಕರ್, ತಾಯಂದಿರ ಕೋಣೆ ಯಾವುದಕ್ಕೂ ಅಂಗೈ ಅಗಲ ಜಾಗ ಇರುತ್ತಿರಲಿಲ್ಲ. ಹಾಜರಿ ಕಾರ್ಡಿನ ಮೂರು ತಿಂಗಳ ದಾಖಲೆ ನಿಮ್ಮಲ್ಲಿದ್ದರೆ ನನ್ನ ನೂರಕ್ಕೆ ಹತ್ತರ ಬದಲು ನಿಮ್ಮದೇ ಅಂಕಿ ಹಾಕಿಕೊಳ್ಳಿ.

ಇಲ್ಲೊಂದು ಗುಂಡಿಯಿದೆ, ಅದು ಅಕ್ಟೋಬರಿನ ಕೊನೆಗೆ ಕಾಣುತ್ತದೆ. ನೀವು ಬರೆದಿರುವುದು ಬೇಸಿಗೆಯ ಸಮಯ. ಚಳಿಗಾಲದಲ್ಲಿ ಬ್ರಿಟನ್, ಅಮೆರಿಕ ಎರಡೂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತವೆ. ಭಾರತದ ಗಡಿಯಾರದಲ್ಲಿ ಆ ಎರಡು ಪಾಳಿಗಳು ಒಂದು ಗಂಟೆ ತಡವಾಗುತ್ತವೆ. ಬ್ರಿಟನ್ ತಂಡ ರಾತ್ರಿ 11ರವರೆಗೆ ಕೂರುತ್ತದೆ, ಆದರೆ ನಿಗಾ ತಂಡ ಭಾರತದ ಗಡಿಯಾರಕ್ಕೆ ಸರಿಯಾಗಿ 10ಕ್ಕೇ ಬರುತ್ತದೆ. ಆ ಒಂದು ಗಂಟೆ ಒಳಗಿರುವವರು 63, 72, 13 ಸೇರಿ 148. ಸೀಟು 145. ಮೂವರು ನಿಂತಿರಬೇಕಾಗುತ್ತದೆ. ಹೊಸ ಸೀಟು ಕೊಳ್ಳುವ ಬದಲು ಚಳಿಗಾಲದಲ್ಲಿ ನಿಗಾ ತಂಡವನ್ನು 11ರಿಂದ 8ಕ್ಕೆ ಸರಿಸಿ. ಇನ್ನೊಂದು ತೊಡಕೆಂದರೆ ಎರಡು ದೇಶಗಳೂ ಒಂದೇ ದಿನ ಗಡಿಯಾರ ತಿರುಗಿಸುವುದಿಲ್ಲ. ಅಮೆರಿಕ ಮಾರ್ಚಿನ ಎರಡನೇ ಭಾನುವಾರ, ಬ್ರಿಟನ್ ಮಾರ್ಚಿನ ಕೊನೆಯ ಭಾನುವಾರ. ಶರತ್ಕಾಲದಲ್ಲಿ ಬ್ರಿಟನ್ ಅಕ್ಟೋಬರಿನ ಕೊನೆಯ ಭಾನುವಾರ, ಅಮೆರಿಕ ನವೆಂಬರಿನ ಮೊದಲ ಭಾನುವಾರ. ಮಾರ್ಚಿನಲ್ಲಿ ಎರಡು ಮೂರು ವಾರ, ಶರತ್ಕಾಲದಲ್ಲಿ ಒಂದು ವಾರ, ಎರಡು ತಂಡಗಳು ಒಟ್ಟಿಗಿರುವ ಹೊತ್ತು ಮೂರೂವರೆ ಗಂಟೆಯ ಬದಲು ನಾಲ್ಕೂವರೆ ಆಗುತ್ತದೆ. ಕ್ಯಾಬ್ ಪಟ್ಟಿ, ರಾತ್ರಿಯೂಟದ ಸರದಿ, ಎಸಿ ಟೈಮರ್ ಮೂರನ್ನೂ ಈ ನಾಲ್ಕು ದಿನಾಂಕಗಳಿಗೆ ಕಟ್ಟಿಹಾಕಿ.

ಎಸಿ ಟೈಮರ್ ಅಂದೆ. ನಿಮ್ಮ ಬಾಡಿಗೆ ಕರಾರನ್ನು ಇವತ್ತೇ ತೆಗೆದು ನೋಡಿ. ಅನೇಕ ಕಟ್ಟಡಗಳಲ್ಲಿ ಮಾಲೀಕರು ಕೊಡುವ ಕೇಂದ್ರ ಎಸಿ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ಆಮೇಲೆ ಗಂಟೆಗಿಷ್ಟು ಎಂದು ಬೇರೆ ದರ. ಕಟ್ಟಡದ ಮಟ್ಟಿಗೆ 8 ಗಂಟೆ ಬಾಗಿಲು ಹಾಕುವ ಹೊತ್ತು, ನಿಮಗೆ ಅದು ಜನ ಕಿಕ್ಕಿರಿದ ಹೊತ್ತು. ಕರೆಂಟು ಉಳಿಸಲು ಸೆಕ್ಯುರಿಟಿಯವರು 8ಕ್ಕೆ ತಾಜಾ ಗಾಳಿಯ ಫ್ಯಾನು ಆರಿಸುತ್ತಾರೆ, ತಂಪು ಮಾತ್ರ ಬರುತ್ತಿರುತ್ತದೆ, ಒಳಗೆ 135 ಮಂದಿ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಸೇದುತ್ತಿರುತ್ತಾರೆ. 9 ಗಂಟೆಗೆ ತಲೆನೋವು, ಆಕಳಿಕೆ ಶುರುವಾದಾಗ ಎಲ್ಲರೂ ನಿದ್ರೆಯನ್ನು ದೂರುತ್ತಾರೆ. ಅಮೆರಿಕದ ಎಸಿ ಎಂಜಿನಿಯರುಗಳ ಸಂಘವಾದ ಆಶ್ರೇಯ, ಸಾಮಾನ್ಯವಾಗಿ ಬಳಸುವ ಮಾನದಂಡದ ಪ್ರಕಾರ ಒಬ್ಬರಿಗೆ 5 ಸಿಎಫ್‌ಎಂ (ನಿಮಿಷಕ್ಕೆ 5 ಘನ ಅಡಿ), ಜೊತೆಗೆ ಪ್ರತಿ ಚದರಡಿಗೆ 0.06 ಸಿಎಫ್‌ಎಂ ಹೊರಗಾಳಿ ಬೇಕು. 135 ಮಂದಿಗೆ 675, 12,000 ಚದರಡಿಗೆ 720, ಒಟ್ಟು ಕನಿಷ್ಠ ಸುಮಾರು 1,400 ಸಿಎಫ್‌ಎಂ. ನಸುಕಿನ 13 ಮಂದಿ 2,500 ಚದರಡಿಯ ಒಂದೇ ಭಾಗದಲ್ಲಿದ್ದರೆ ಈ ಕನಿಷ್ಠ 215. ವೇಗ ಬದಲಿಸಬಲ್ಲ ಫ್ಯಾನು ಹಾಕಿ, ಅದನ್ನು ಕಾರ್ಬನ್ ಡೈಆಕ್ಸೈಡ್ ಸೆನ್ಸರ್‌ಗೆ ಜೋಡಿಸಿ, 1,000 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸಾವಿರ ಭಾಗ) ದಾಟದಂತೆ ಹೊಂದಿಸಿ. ಸೆನ್ಸರನ್ನು ಡಕ್ಟಿನ ಬಾಯಲ್ಲಿ ಇಡಬೇಡಿ. ಜನ ಕೂರುವಲ್ಲಿ, ಕೂತವರ ಮೂಗಿನ ಎತ್ತರದಲ್ಲಿ ಇಡಿ.

ಈ 13 ಮಂದಿಯ ಬಗ್ಗೆಯೇ ನಾನು ಹೆಚ್ಚು ಹೇಳಬೇಕು, ಏಕೆಂದರೆ ನಕ್ಷೆಯಲ್ಲಿ ಅವರು ಕಾಣುವುದೇ ಇಲ್ಲ. ಮಹಡಿಯನ್ನು ನಾಲ್ಕು ಭಾಗ ಮಾಡಿ. ಪ್ರತಿ ಭಾಗಕ್ಕೂ ಬೇರೆ ಎಸಿ, ಬೇರೆ ಲೈಟಿನ ಸರ್ಕ್ಯೂಟು. ಅದರಲ್ಲಿ ಒಂದನ್ನು ರಾತ್ರಿ ವಲಯ ಎಂದು ಗೊತ್ತುಮಾಡಿ: ಮುಖ್ಯ ಬಾಗಿಲು, ಸೆಕ್ಯುರಿಟಿ ಮೇಜು, ಮಹಿಳೆಯರ ಶೌಚಾಲಯ, ಪ್ಯಾಂಟ್ರಿ, ಒಂದು ಮೆಟ್ಟಿಲು, ಇವೈದೂ ಹತ್ತಿರವಿರುವ ಭಾಗ. ಕೇಂದ್ರ ಎಸಿಯ ದೊಡ್ಡ ತಂಪು ಯಂತ್ರ (ಚಿಲ್ಲರ್) ಅಷ್ಟು ಕಡಿಮೆ ಹೊರೆಗೆ ಓಡದೆ ಪದೇಪದೇ ಟ್ರಿಪ್ ಆಗುತ್ತದೆ, ಆದ್ದರಿಂದ ಈ ಭಾಗಕ್ಕೆ ಪ್ರತ್ಯೇಕ ವಿಆರ್‌ಎಫ್ ಯುನಿಟ್ (ಹೊರೆಗೆ ತಕ್ಕಷ್ಟೇ ಓಡುವ ಎಸಿ) ಇರಲಿ. 3.30ರ ನಂತರ ಎಲ್ಲರೂ ಇಲ್ಲಿಗೇ ಬಂದು ಕೂರಲಿ. 12,000 ಚದರಡಿಯಲ್ಲಿ 13 ಮಂದಿ ಅಲ್ಲೊಬ್ಬರು ಇಲ್ಲೊಬ್ಬರು ಚದುರಿ ಕೂತರೆ ಒಬ್ಬಾಕೆ ನೀರು ಕುಡಿಯಲು ಕತ್ತಲ ಓಣಿ ದಾಟಬೇಕು, ಒಬ್ಬರಿಗೆ ತಲೆಸುತ್ತಿ ಬಿದ್ದರೆ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ.

ಇದರಿಂದ ಇನ್ನೊಂದು ಲಾಭವಿದೆ. ಇಪ್ಪತ್ನಾಲ್ಕು ಗಂಟೆಯ ಕಚೇರಿಯಲ್ಲಿ ಕಾರ್ಪೆಟ್ ತೊಳೆಯಲು, ಜಿರಳೆಗೆ ಮದ್ದು ಹೊಡೆಯಲು, ಯುಪಿಎಸ್ ಬ್ಯಾಟರಿ ಬದಲಿಸಲು ಬಿಡುವೇ ಸಿಗುವುದಿಲ್ಲ. ಉಳಿದ ಮೂರು ಭಾಗಗಳು 3.30ರಿಂದ 7ರವರೆಗೆ ಖಾಲಿಯಿದ್ದರೆ ಸರದಿಯ ಮೇಲೆ ಒಂದೊಂದನ್ನು ಮುಚ್ಚಿ ಈ ಕೆಲಸ ಮಾಡಬಹುದು. ಮದ್ದು ಹೊಡೆದ ಭಾಗದ ಗಾಳಿ ರಾತ್ರಿ ವಲಯಕ್ಕೆ ತಿರುಗಿ ಬರದಂತೆ ಡಕ್ಟುಗಳು ಬೇರೆಯಾಗಿರಬೇಕು. ಉದ್ದ ಸುರುಳಿಯ ಕಾರ್ಪೆಟ್ ಬೇಡ, 500 ಮಿ.ಮೀ. ಚೌಕದ ಟೈಲು ಹಾಕಿ, ನೂರಕ್ಕೆ ಎಂಟರಷ್ಟು ಹೆಚ್ಚುವರಿ ತೆಗೆದಿಡಿ. ಕಾಫಿ ಚೆಲ್ಲಿದ ಎರಡು ಟೈಲು ಬದಲಿಸಲು ಹತ್ತು ನಿಮಿಷ ಸಾಕು.

ಉಷ್ಣಾಂಶ: ನಸುಕಿನ 3ರಿಂದ 5ರ ನಡುವೆ ಮನುಷ್ಯನ ಮೈಶಾಖ ದಿನದಲ್ಲೇ ಅತಿ ಕಡಿಮೆ ಇರುತ್ತದೆ. ಹಗಲಿನ 23 ಡಿಗ್ರಿ ಆಗ ಚಳಿ ಹುಟ್ಟಿಸುತ್ತದೆ. 25ರಿಂದ 26ಕ್ಕೆ ಏರಿಸಿ. ಡಿಸೆಂಬರಿನ ಮೈಸೂರಿನಲ್ಲಿ ಹೊರಗಿನ ಗಾಳಿಯೇ ತಣ್ಣಗಿರುತ್ತದೆ, ಎಸಿ ಬಂದ್ ಮಾಡಿ ಫ್ಯಾನು ಮಾತ್ರ ಓಡಿಸಬಹುದು.

ಬೆಳಕಿನಲ್ಲಿ ಎರಡು ತಪ್ಪು ಪದೇಪದೇ ಆಗುತ್ತವೆ. ರಾತ್ರಿಯೆಲ್ಲ ಹಗಲಿನಂತೆ ಬೆಳಗಿದರೆ ಜನ ಎಚ್ಚರವಾಗಿರುತ್ತಾರೆ ಎಂದುಕೊಳ್ಳುವುದು ಮೊದಲನೆಯದು. ಎಚ್ಚರವೇನೋ ಇರುತ್ತಾರೆ, ಆದರೆ ಮನೆಗೆ ಹೋದ ಮೇಲೂ ನಿದ್ದೆ ಹತ್ತುವುದಿಲ್ಲ. ತಡರಾತ್ರಿಯ ತೀಕ್ಷ್ಣ ಬೆಳಕು ದೇಹದ ಗಡಿಯಾರವನ್ನು ತಳ್ಳುತ್ತದೆ. ರಾತ್ರಿ ಪಾಳಿಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ, ಮತ್ತೆ 2019ರಲ್ಲಿ, ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿನಲ್ಲಿ ಇರಿಸಿದೆ. ಹಾಗಾಗಿ ಇದನ್ನು ಅಲಂಕಾರದ ವಿಷಯವೆಂದು ಬಿಡಲಾಗದು. ಚಾವಣಿಯಿಂದ 300 ಲಕ್ಸ್ (ಮೇಜಿನ ಮೇಲೆ ಬೀಳುವ ಬೆಳಕಿನ ಅಳತೆ) ಬರಲಿ, ಬೇಕಾದವರು ಮೇಜಿನ ದೀಪದಿಂದ 500ಕ್ಕೆ ಏರಿಸಿಕೊಳ್ಳಲಿ. ಪಾಳಿಯ ಬಹುಪಾಲು 4,000 ಕೆಲ್ವಿನ್ನಿನ ಬಿಳಿ ಬೆಳಕು (ಕೆಲ್ವಿನ್ ಬೆಳಕಿನ ಬಣ್ಣದ ಅಳತೆ). ಮನೆಗೆ ಹೊರಡುವ ಮುಂಚಿನ ಒಂದೂವರೆ ಗಂಟೆ ಚಾವಣಿಯ ಬೆಳಕನ್ನು ಅರ್ಧಕ್ಕೆ ಇಳಿಸಿ 3,000ದ ಹಳದಿಗೆ ತಿರುಗಿಸಿ. ದೃಷ್ಟಿ ಮಂದವಾದವರಿಗೂ ತುಟಿಯ ಚಲನೆ ನೋಡಿ ಮಾತು ತಿಳಿಯುವವರಿಗೂ ಆಗಲೂ ಮೇಜಿನ ದೀಪ ಅವರ ಕೈಯಲ್ಲೇ ಇರಲಿ.

ಎರಡನೆಯ ತಪ್ಪು ಚಲನೆ ಗುರುತಿಸುವ ಸೆನ್ಸರ್. ಮೈಬಿಸಿಯ ಚಲನೆಯನ್ನಷ್ಟೇ ಗುರುತಿಸುವ ಅಗ್ಗದ ಪಿಐಆರ್ ಸೆನ್ಸರ್‌ಗೆ ಅಲುಗಾಡದೆ ಕೂತವರು ಕಾಣುವುದಿಲ್ಲ, ಶೌಚಾಲಯದ ಬಾಗಿಲ ಹಿಂದಿರುವವರಂತೂ ಕಾಣುವುದೇ ಇಲ್ಲ. ನಸುಕಿನ 4 ಗಂಟೆಗೆ ಶೌಚಾಲಯದಲ್ಲಿ ಒಬ್ಬರೇ ಇದ್ದಾಗ ದೀಪ ಆರಿಹೋದರೆ ಆ ಹೆದರಿಕೆ ಬೇಗ ಮರೆಯುವಂಥದ್ದಲ್ಲ. ಮೈಬಿಸಿಯ ಜೊತೆ ಶಬ್ದತರಂಗವನ್ನೂ ಬಳಸುವ, ಎರಡು ತಂತ್ರ ಸೇರಿದ ಸೆನ್ಸರ್ ಹಾಕಿ, 20 ನಿಮಿಷದ ಅವಧಿ ಕೊಡಿ, ಆಮೇಲೂ ಪೂರ್ತಿ ಆರದೆ ಐದನೇ ಒಂದು ಭಾಗ ಉರಿಯುತ್ತಿರಲಿ. ಕಿಟಕಿಗೆ ಕತ್ತಲಾಗುವ ಮೊದಲೇ ಪರದೆ ಇಳಿಯಬೇಕು. ರಾತ್ರಿ ಗಾಜು ಒಳಗಿನವರಿಗೆ ಕನ್ನಡಿ, ಹೊರಗಿನವರಿಗೆ ಪ್ರದರ್ಶನದ ಪೆಟ್ಟಿಗೆ.

ಇನ್ನು ಹಂಚಿಕೊಂಡು ಕೂರುವ ವಿಷಯ. ಒಂದೇ ಕುರ್ಚಿಯಲ್ಲಿ ಮೂವರು ಸರದಿಯ ಮೇಲೆ ಕೂತರೆ ಅದು ಮೂರು ಪಟ್ಟು ಸವೆಯುತ್ತದೆ. ಸಾಮಾನ್ಯ ಆಫೀಸ್ ಕುರ್ಚಿ ದಿನಕ್ಕೆ ಎಂಟು ಗಂಟೆಗೆಂದು ಮಾಡಿದ್ದು. ಮೊದಲು ಎತ್ತರ ಬದಲಿಸುವ ಗ್ಯಾಸ್ ಲಿಫ್ಟ್ ಕುಸಿಯುತ್ತದೆ, ಆಮೇಲೆ ಸೀಟಿನ ಫೋಮ್, ಕೈಪಟ್ಟಿ. ಇಪ್ಪತ್ನಾಲ್ಕು ಗಂಟೆಯ ಬಳಕೆಗೆಂದೇ ಪರೀಕ್ಷಿಸಿದ ಕುರ್ಚಿ ಕೇಳಿ. ಬಿಎಸ್ 5459ರ ಎರಡನೇ ಭಾಗ ಇದಕ್ಕಾಗಿಯೇ ಇರುವ ಬ್ರಿಟಿಷ್ ಮಾನದಂಡ. ಬೆಲೆ ಹೆಚ್ಚು, ಆದರೆ ಕೊಳ್ಳುವುದು 145 ಮಾತ್ರ. ಲಿವರ್‌ಗಳ ಮೇಲೆ 1, 2, 3 ಎಂದು ಬರೆಸಿ, ಅಂಕಿ ಮುಟ್ಟಿದರೂ ತಿಳಿಯುವಂತೆ ಉಬ್ಬಿರಲಿ. ಆಗ ಬಂದವರು ಅರ್ಧ ನಿಮಿಷದಲ್ಲಿ ತಮಗೆ ಬೇಕಾದಂತೆ ಹೊಂದಿಸಿಕೊಳ್ಳುತ್ತಾರೆ. ಮೇಜುಗಳಲ್ಲಿ ನಾಲ್ಕನೇ ಒಂದು ಭಾಗ ಎತ್ತರ ಬದಲಿಸುವಂಥವು ಸಾಕು. ಉಳಿದವಕ್ಕೆ ಕಾಲುಮಣೆ ಕೊಡಿ, ಕುಳ್ಳಗಿರುವವರ ಸೊಂಟನೋವು ಅರ್ಧ ಅಲ್ಲೇ ಕಡಿಮೆಯಾಗುತ್ತದೆ.

ಹೆಡ್‌ಸೆಟ್ ಮಾತ್ರ ಹಂಚಬೇಡಿ. ಹೆಡ್‌ಸೆಟ್, ಮೌಸ್ ಒಬ್ಬೊಬ್ಬರಿಗೆ ಒಂದೊಂದು, ಚೀಲದಲ್ಲಿ ಹಾಕಿ ಅವರವರ ಲಾಕರ್‌ನಲ್ಲಿ. ಸೀಟು 145 ಆದರೂ ಲಾಕರ್ 240 ಬೇಕು, ಇದನ್ನು ಮರೆಯುವವರು ಬಹಳ. ಮೈಸೂರಿನಲ್ಲಿ ಬಹಳ ಜನ ಸ್ಕೂಟರಿನಲ್ಲಿ ಬರುತ್ತಾರೆ, ಹೆಲ್ಮೆಟ್ ಹಿಡಿಸದ ಲಾಕರಿನಿಂದ ಏನೂ ಉಪಯೋಗವಿಲ್ಲ: 350 ಮಿ.ಮೀ. ಅಗಲ, ಆಳ, ಎತ್ತರ ಇರಲಿ. ಒದ್ದೆ ರೇನ್‌ಕೋಟಿಗೆ ಬಾಗಿಲ ಬಳಿ ಬೇರೆ ಕೊಕ್ಕೆ. ವೀಲ್‌ಚೇರಿನವರ ಲಾಕರ್ ನೆಲದಿಂದ 400ರಿಂದ 1,200 ಮಿ.ಮೀ. ನಡುವಿನ ಸಾಲಿನಲ್ಲಿರಲಿ.

ಎಲ್ಲರೂ ಸೀಟು ಬದಲಿಸಲೇಬೇಕು ಎಂಬ ನಿಯಮ ಮಾಡಬೇಡಿ. ದೃಷ್ಟಿಯಿಲ್ಲದವರಿಗೆ ದಿನಕ್ಕೊಂದು ಜಾಗ ಅಂದರೆ ದಿನವೂ ಹೊಸ ಊರು. ಅವರಿಗೆ, ವೀಲ್‌ಚೇರ್ ಬಳಸುವವರಿಗೆ, ಗರ್ಭಿಣಿಯರಿಗೆ, ಗದ್ದಲ ತಡೆಯಲಾಗದವರಿಗೆ ಖಾಯಂ ಸೀಟು ಕೊಡಿ. ಅವರು ಇಲ್ಲದ ಪಾಳಿಯಲ್ಲಿ ಬೇರೆಯವರು ಕೂರಬಹುದು, ಹೊಂದಿಸಿದ್ದನ್ನು ಬದಲಿಸದೆ. ವೀಲ್‌ಚೇರಿನ ಸೀಟಿನಲ್ಲಿ ಮೇಜಿನಡಿ 700 ಮಿ.ಮೀ. ಎತ್ತರ, 480 ಮಿ.ಮೀ. ಆಳ ಖಾಲಿ ಬೇಕು. ಸಿಪಿಯು, ಡ್ರಾಯರ್ ಅಲ್ಲಿ ಇಡಬೇಡಿ. ಮುಖ್ಯ ಓಣಿ 1,500 ಮಿ.ಮೀ., ಬಾಗಿಲುಗಳ ತೆರವು 900 ಮಿ.ಮೀ., ಇಳಿಜಾರಿದ್ದರೆ 1:12ಕ್ಕಿಂತ ಕಡಿದಾಗಿರಬಾರದು.

ಅಂಗವಿಕಲರ ಶೌಚಾಲಯ ನಕ್ಷೆಯಲ್ಲಿ ಎಲ್ಲರೂ ತೋರಿಸುತ್ತಾರೆ. ಆರು ತಿಂಗಳಾದ ಮೇಲೆ ಹೋಗಿ ನೋಡಿದರೆ ಒಳಗೆ ಬಕೆಟ್, ನೆಲ ಒರೆಸುವ ಕೋಲು, ಹಳೆಯ ಕುರ್ಚಿ. ರಾತ್ರಿಯಾದರೆ ಬೀಗ. ಹೌಸ್‌ಕೀಪಿಂಗ್‌ನವರಿಗೆ ಬೇರೆ ಜಾಗವಿಲ್ಲದ್ದೇ ಇದಕ್ಕೆ ಕಾರಣ, ಅವರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ನೀರಿನ ನಲ್ಲಿ ಇರುವ, 1.5 ಮೀಟರ್‌ಗೆ 1.2 ಮೀಟರ್‌ನ ಕೋಣೆ ಕೊಟ್ಟರೆ ಸಮಸ್ಯೆ ಮುಗಿಯಿತು. ಈ ಶೌಚಾಲಯವನ್ನು ಗಂಡಸರ ಅಥವಾ ಹೆಂಗಸರ ಶೌಚಾಲಯದೊಳಗೆ ಇಡದೆ ಓಣಿಗೇ ಬಾಗಿಲಿರುವ ಪ್ರತ್ಯೇಕ ಕೋಣೆ ಮಾಡಿ: 2,200ಕ್ಕೆ 2,000 ಮಿ.ಮೀ., ಒಳಗೆ 1,500 ಮಿ.ಮೀ. ವ್ಯಾಸದ ತಿರುಗುವ ಜಾಗ, ಹೊರಕ್ಕೆ ತೆರೆಯುವ ಅಥವಾ ಜಾರುವ ಬಾಗಿಲು. ಸಹಾಯದ ಗುಂಡಿ ಎರಡು, ಒಂದು ಕೈಗೆಟುಕುವ 900 ಮಿ.ಮೀ. ಎತ್ತರದಲ್ಲಿ, ಇನ್ನೊಂದು ನೆಲಕ್ಕೆ ಬಿದ್ದವರಿಗೂ ಸಿಗುವಂತೆ 300 ಮಿ.ಮೀ.ನಲ್ಲಿ. ಸಂಗಾತಿಯ ನೆರವು ಬೇಕಾದವರಿಗೂ ಲಿಂಗತ್ವ ಅಲ್ಪಸಂಖ್ಯಾತ ಉದ್ಯೋಗಿಗಳಿಗೂ ಯಾರನ್ನೂ ಕೇಳದೆ ಬಳಸಲು ಇದೇ ಅನುಕೂಲ.

ಬೆಂಕಿಯ ವಿಷಯದಲ್ಲಿ ರಾತ್ರಿಯೇ ಹೆಚ್ಚು ಅಪಾಯ. ಕಳ್ಳರ ಭಯಕ್ಕೆ ಎರಡನೇ ಮೆಟ್ಟಿಲಿಗೆ ರಾತ್ರಿ ಬೀಗ ಹಾಕುವುದು ಹಗಲು ಕಂಡ ಬಾವಿಗೆ ಇರುಳು ಬೀಳುವ ಕೆಲಸ. ಒಳಗಿನಿಂದ ತಳ್ಳಿದರೆ ತೆರೆಯುವ, ತೆರೆದರೆ ಸೆಕ್ಯುರಿಟಿ ಮೇಜಿನಲ್ಲಿ ಗಂಟೆ ಬಾರಿಸುವ ಪುಶ್ ಬಾರ್ ಹಾಕಿ. ಕಾರ್ಡ್ ಬಾಗಿಲುಗಳ ಅಯಸ್ಕಾಂತದ ಬೀಗ ಫೈರ್ ಅಲಾರಂ ಆದೊಡನೆ, ಕರೆಂಟು ಹೋದೊಡನೆ ತಾನಾಗಿ ಬಿಡಬೇಕು. ನೀವು ಎರಡನೇ ಮಹಡಿಯಲ್ಲಿದ್ದೀರಿ, ಬೆಂಕಿ ಬಿದ್ದಾಗ ಲಿಫ್ಟ್ ಇಲ್ಲ. ನಡೆಯಲಾಗದವರನ್ನು ಮೆಟ್ಟಿಲ ಮೇಲಿಂದ ಇಳಿಸುವ ಕುರ್ಚಿ ಎರಡು ಮೆಟ್ಟಿಲ ಬಳಿ ಇರಲಿ, ಅದನ್ನು ನಡೆಸಲು ಒಂದು ಕುರ್ಚಿಗೆ ಇಬ್ಬರು ಬೇಕು. ವೀಲ್‌ಚೇರ್ ಬಳಸುವ ಒಬ್ಬರು ನಿಗಾ ತಂಡದಲ್ಲಿದ್ದರೆ ಆ 13ರಲ್ಲಿ ಯಾವ ರಾತ್ರಿಯೂ ತರಬೇತಾದ ಇಬ್ಬರು ಇರಲೇಬೇಕು; ಬಿಡುವು, ರಜೆ ಕಳೆದು ಇಬ್ಬರು ಉಳಿಯಬೇಕಾದರೆ 20ರಲ್ಲಿ ಕನಿಷ್ಠ ಆರು ಮಂದಿಗೆ ತರಬೇತಿ ಕೊಟ್ಟು, ಬಿಡುವಿನ ದಿನಗಳನ್ನೂ ಅದಕ್ಕೆ ತಕ್ಕಂತೆ ಹಂಚಿ. ಕಿವಿ ಕೇಳಿಸದವರಿಗೆ ಮಿನುಗುವ ಅಲಾರಂ ದೀಪ ಕೆಲಸದ ಜಾಗದಲ್ಲಷ್ಟೇ ಅಲ್ಲ, ಶೌಚಾಲಯದಲ್ಲೂ ವಿಶ್ರಾಂತಿ ಕೋಣೆಯಲ್ಲೂ ಬೇಕು. ಕಣ್ಣು ಮುಚ್ಚಿ ಮಲಗಿದವರಿಗೆ ಅದೂ ಸಾಲದು, ಒರಗುಕುರ್ಚಿಗೆ ಕಂಪಿಸುವ ಅಲಾರಂ ಜೋಡಿಸಿ.

ವಿಶ್ರಾಂತಿ ಕೋಣೆ ಇಲ್ಲದಿದ್ದರೆ ಜನ ನಿದ್ದೆ ಮಾಡದೆ ಇರುವುದಿಲ್ಲ, ಮೇಜಿನ ಮೇಲೆ ತಲೆಯಿಟ್ಟು ಮಾಡುತ್ತಾರೆ. ಹೆಂಗಸರಿಗೆ ಮೂರು, ಗಂಡಸರಿಗೆ ಮೂರು ಒರಗುಕುರ್ಚಿ, ಎರಡು ಬೇರೆ ಕೋಣೆಗಳಲ್ಲಿ. ಮಂಚ ಬೇಡ. 20 ನಿಮಿಷದ ನಿದ್ದೆ ಎಚ್ಚರ ತರುತ್ತದೆ, 45 ನಿಮಿಷವಾದರೆ ಗಾಢ ನಿದ್ದೆಯಿಂದೆದ್ದ ಮಂಕು ಕಾಲು ಗಂಟೆಯಿಂದ ಅರ್ಧ ಗಂಟೆ ಬಿಡುವುದಿಲ್ಲ. ಎದ್ದ ಮೇಲೆ 15 ನಿಮಿಷ ಬಿಟ್ಟು ಹೆಡ್‌ಸೆಟ್ ಹಾಕಲಿ. ಸ್ಕೂಟರ್ ಹತ್ತುವವರಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಕೋಣೆಯ ಗೋಡೆ ಫಾಲ್ಸ್ ಸೀಲಿಂಗ್‌ವರೆಗೆ ಬಂದು ನಿಲ್ಲಬಾರದು, ಅದರ ಮೇಲಿನ ಕಾಂಕ್ರೀಟ್ ಸ್ಲ್ಯಾಬಿಗೆ ತಾಗಬೇಕು. ಇಲ್ಲದಿದ್ದರೆ ಕರೆಗಳ ಮಾತೆಲ್ಲ ಮೇಲಿನಿಂದ ಇಳಿದುಬರುತ್ತದೆ. ಗುತ್ತಿಗೆದಾರರು ಇಲ್ಲಿ ಹಣ ಉಳಿಸುತ್ತಾರೆ, ಸೀಲಿಂಗ್ ಹಾಕುವ ಮುಂಚೆಯೇ ನಿಂತು ನೋಡಿ.

ಹಾಲುಣಿಸುವ ತಾಯಂದಿರ ಕೋಣೆಯನ್ನು ಇದರೊಂದಿಗೆ ಬೆರೆಸಬೇಡಿ. 2.1 ಮೀಟರ್ ಚೌಕ ಸಾಕು: ಒಳಚಿಲಕ, ಕುರ್ಚಿ, ಪ್ಲಗ್, ಕೈತೊಳೆಯುವ ಸಿಂಕು, ಚಿಕ್ಕ ಫ್ರಿಜ್. ತೆಗೆದಿಟ್ಟ ಎದೆಹಾಲು 25 ಡಿಗ್ರಿಯೊಳಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಉಳಿಯುತ್ತದೆ. ಏಪ್ರಿಲಿನಲ್ಲಿ ಫ್ರಿಜ್ ಇಲ್ಲದೆ ಆಗದು. 50 ಅಥವಾ ಹೆಚ್ಚು ಮಂದಿಯಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯವೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಬಹುದು. ಆ ಕೇಂದ್ರ ಸಂಜೆ 6ಕ್ಕೆ ಮುಚ್ಚಿದರೆ ನಿಮ್ಮ ಬ್ರಿಟನ್ ತಂಡದ ತಾಯಂದಿರಿಗೆ ಇದ್ದೂ ಇಲ್ಲದಂತೆ. ಅವರ ಪಾಳಿ ಮುಗಿಯುವವರೆಗೆ ತೆರೆದಿರುವ ಕೇಂದ್ರದೊಂದಿಗೆ ಒಪ್ಪಂದ ಮಾಡಿಕೊಳ್ಳಿ.

ಊಟ: ಅನ್ನ-ಸಾರಿನ ಪೂರ್ತಿ ಊಟ ರಾತ್ರಿ 9ರ ಒಳಗೆ ಮುಗಿಯಲಿ, 1 ಗಂಟೆಗೆ ಇಡ್ಲಿ, ರಾಗಿ ಗಂಜಿ, ಹಣ್ಣಿನಂಥ ಹಗುರ ಆಹಾರ. ಬಿಸಿ ಅಡುಗೆ 60 ಡಿಗ್ರಿಗಿಂತ ಕೆಳಗಿಳಿಯದಂತೆ ಇಡಿ, 8ಕ್ಕೆ ಬಂದ ಪಲ್ಯ 1ಕ್ಕೆ ಬಡಿಸುವಂತಿಲ್ಲ. ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. 5ಕ್ಕೆ ಮಲಗುವ ಅಮೆರಿಕ ತಂಡಕ್ಕೆ ಕೊನೆಯ ಲೋಟ 11ಕ್ಕೆ. ಆಮೇಲೆ ಬಾದಾಮಿ ಹಾಲೋ ಮಜ್ಜಿಗೆಯೋ ಸಿಗಲಿ. ರಂಜಾನ್ ತಿಂಗಳಲ್ಲಿ ಸಂಜೆ ಉಪವಾಸ ಮುರಿಯುವ ಇಫ್ತಾರ್ ಬರುವುದು ಅಮೆರಿಕ ತಂಡ ಒಳಗೆ ಬರುವ ಆಸುಪಾಸಿನಲ್ಲಿ, ನಸುಕಿನ ಊಟವಾದ ಸಹರಿ ನಿಗಾ ತಂಡದ ಪಾಳಿಯ ನಡುವೆ. ಬ್ರೇಕ್ ಪಟ್ಟಿಯಲ್ಲಿ ಅದಕ್ಕೆ ಮೊದಲೇ ಜಾಗ ಮಾಡಿ, ಪ್ರಾರ್ಥನೆಗೋ ಧ್ಯಾನಕ್ಕೋ ಒಂದು ಮೌನ ಕೋಣೆ, ಪಕ್ಕದಲ್ಲಿ ಕಾಲು ತೊಳೆಯುವ ನಲ್ಲಿ.

ಮನೆ ಬಾಗಿಲವರೆಗಿನ ದಾರಿಯೂ ಕಚೇರಿಯ ಭಾಗವೇ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಕಂಪನಿ ಕೊಡುವ ವಾಹನವೂ ಕೆಲಸದ ಸ್ಥಳವೆಂದೇ ಲೆಕ್ಕ. ರಾತ್ರಿ ಪಾಳಿಗೆ ಮಹಿಳೆಯರ ಲಿಖಿತ ಒಪ್ಪಿಗೆ ಪಡೆಯಿರಿ, ಮನೆಯಿಂದ ಮನೆಗೆ ವಾಹನ ಕೊಡಿ, ಮೊದಲು ಹತ್ತುವವರು ಅಥವಾ ಕೊನೆಗೆ ಇಳಿಯುವವರು ಒಂಟಿ ಮಹಿಳೆಯಾಗದಂತೆ ದಾರಿ ಜೋಡಿಸಿ, ಆಗದಿದ್ದರೆ ಗಾರ್ಡ್ ಜೊತೆಯಲ್ಲಿ ಹೋಗಲಿ. 3.30ಕ್ಕೆ 72 ಮಂದಿ ಒಟ್ಟಿಗೆ ಇಳಿಯುತ್ತಾರೆ. ಅವರು ರಸ್ತೆಯಲ್ಲಿ ಕಾಯಬಾರದು. ನೆಲಮಹಡಿಯ ಲಾಬಿಯಲ್ಲಿ 25 ಮಂದಿಗೆ ಆಸನ, ಯಾವ ಕ್ಯಾಬ್ ಬಂದಿದೆ ಎಂದು ತೋರಿಸುವ ಪರದೆ, ಅದನ್ನೇ ಓದಿ ಹೇಳುವ ಧ್ವನಿ, ಮಳೆಗಾಲಕ್ಕೆ ಸೂರು, ವೀಲ್‌ಚೇರ್ ಕ್ಯಾಬಿನ ಬಾಗಿಲವರೆಗೆ ಮೆಟ್ಟಿಲಿಲ್ಲದೆ ಹೋಗುವ ನೆಲ.

ಹಣ ಸಾಲದಿದ್ದರೆ ರಿಸೆಪ್ಷನ್ನಿನ ಅಲಂಕಾರ, ಗಾಜಿನ ಮೀಟಿಂಗ್ ಕೋಣೆಗಳು, ಎತ್ತರ ಬದಲಿಸುವ ಮೇಜುಗಳ ಅರ್ಧ, ಇವನ್ನು ಮುಂದೂಡಿ. ಭಾಗಭಾಗವಾಗಿ ಒಡೆದ ಎಸಿ ಮತ್ತು ವೈರಿಂಗ್, ಸ್ಲ್ಯಾಬ್‌ವರೆಗಿನ ಗೋಡೆ, ಶೌಚಾಲಯ, ನಿರ್ಗಮನದ ಬಾಗಿಲು ಮುಂದೂಡುವಂಥವಲ್ಲ. ಜನ ಕೂತ ಮೇಲೆ ಅವನ್ನು ಒಡೆದು ಕಟ್ಟಲು ನಿಮಗೆ ಖಾಲಿ ರಾತ್ರಿಯೇ ಸಿಗುವುದಿಲ್ಲ.

ಗುತ್ತಿಗೆದಾರರಿಗೆ ಕೊನೆಯ ಕಂತು ಕೊಡುವ ಮುನ್ನ ಎರಡು ಪರೀಕ್ಷೆ ಮಾಡಿ. ರಾತ್ರಿ 8.30ಕ್ಕೆ 135 ಮಂದಿ ಕೂತಾಗ ನಾಲ್ಕೂ ಭಾಗಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಅಳೆಯಿರಿ, ಆಗಲೇ ಅಲಾರಂ ಒತ್ತಿ ಎಲ್ಲರನ್ನೂ ಕೆಳಗಿಳಿಸಿ ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಿ. ಇನ್ನೊಂದು ದಿನ ನಸುಕಿನ 4ಕ್ಕೆ ವೀಲ್‌ಚೇರ್ ಬಳಸುವ ಉದ್ಯೋಗಿಯೊಂದಿಗೆ, ಅವರು ಒಪ್ಪಿದರೆ, ಕ್ಯಾಬಿನಿಂದ ಸೀಟಿಗೆ, ಸೀಟಿನಿಂದ ಶೌಚಾಲಯಕ್ಕೆ, ಅಲ್ಲಿಂದ ತುರ್ತು ಮೆಟ್ಟಿಲಿಗೆ ಹೋಗಿ ಬನ್ನಿ. ದಾರಿಯಲ್ಲಿ ಸಿಕ್ಕ ಬೀಗ, ಆರಿದ ದೀಪ, ಅಡ್ಡವಿಟ್ಟ ನೀರಿನ ಕ್ಯಾನು ಎಲ್ಲವನ್ನೂ ಪಟ್ಟಿ ಮಾಡಿ ಗುತ್ತಿಗೆದಾರರ ಕೈಗೂ ಕಟ್ಟಡದ ಮಾಲೀಕರ ಕೈಗೂ ಕೊಡಿ.